ಒಳಹೊಲಿಗೆ

ರೂವಿಯ ಹಿಂದಿನ ಗಲ್ಲಿ. ಮಧ್ಯಾಹ್ನ ಎರಡೂವರೆ.
ಹನ್ನೆರಡು ಸೂಜಿಯ ಕಸೂತಿ ಯಂತ್ರ ಬಾಯಿ ಮುಚ್ಚಿ ಕೂತಿದೆ.
ಅದಕ್ಕೆ ತಿಳಿಯುವುದು ಒಂದೇ ಒಂದು ಕಂಪ್ಯೂಟರಿನ ಮಾತು:
ಹಳದಿಗಟ್ಟಿದ ಡಬ್ಬ, ಫ್ಲಾಪಿ ನುಂಗುವ ಸೀಳು,
ಪರದೆಯ ಮೇಲೊಂದು ಹಸಿರು ಗುಡ್ಡ.
ಮಸ್ಕತ್ತಿನಲ್ಲಿ ನಾನು ನೋಡಿದ ಹಸಿರು ಗುಡ್ಡ
ಅದೊಂದೇ.

ನಿನ್ನೆ ಕರೆಂಟು ಹೋಗಿ ಬಂದದ್ದಕ್ಕೆ ಡಿಸ್ಕು ಸತ್ತಿತು.
ಬೇರೆ ಡಿಸ್ಕು ಹಾಕಿ, ಹಳೇ ಸೀಡಿ ತಿರುಗಿಸಿದರೆ
ಕೇಳುತ್ತದೆ: ಕೀ ಕೊಡು.
ಐದೈದರ ಐದು ಗುಂಪು.
ಹಬ್ಬಕ್ಕೆ ಹನ್ನೊಂದು ದಿನ, ನೂರಿಪ್ಪತ್ತು ಕುಮ್ಮಾ ಬಾಕಿ.

ಕೀ ಇದ್ದದ್ದು ಡಬ್ಬದ ಪಕ್ಕೆಗೆ ಅಂಟಿಸಿದ ಚೀಟಿಯಲ್ಲಿ.
ಚೀಟಿ ಇದೆ, ಅಕ್ಷರ ಇಲ್ಲ.
ಹದಿನೇಳು ವರ್ಷ ಬೋನಿಫಾಸ್ ಪೊರ್ಬುಗಳು
ಎಸಿಯ ಥಂಡಿಗೆ ಹಿಡಿದ ಎಡ ಮೊಣಕಾಲನ್ನು
ಆ ಬೆಚ್ಚನೆ ಪಕ್ಕೆಗೆ ಆನಿಸಿ ಕೂತು
ಒಂದೊಂದೇ ಅಕ್ಷರವನ್ನು ಪ್ಯಾಂಟಿಗೆ ಒರೆಸಿಕೊಂಡು
ವೀಸಾ ಕ್ಯಾನ್ಸಲ್ ಮಾಡಿಸಿ ಶಿರ್ವಕ್ಕೆ ಹೋದರು.
ಉಳಿದದ್ದು ಒಂದು ಬಾಲ. ಕ್ಯೂ ಇರಬೇಕು,
ಇಲ್ಲಾ ಹುಳದ ಹಿಕ್ಕೆ.

ಫೋನಿನಲ್ಲಿ ಮೊದಲು ಕೇಳಿದ್ದು ಕೋಳಿ.
ಆಮೇಲೆ ಪೊರ್ಬುಗಳು: "ಹೋಯ್ ಖಾರ್ವಿ, ಬದ್ಕಿದ್ಯಾ?"
ಕೀ ಕೇಳಿದೆ. ಒಂದು ಗಳಿಗೆ ಕೋಳಿಗಳೂ ಸುಮ್ಮನಾದವು.
"ಮರ್ತೇ ಹೋಯ್ತು ಮಾರಾಯ. ಮೊಳೆ ಮೇಲೆ
ಸ್ಯಾಂಪಲ್ ಟೋಪಿ ಉಂಟಲ್ಲ, ಬಿಳಿದು, ಮಾರದ್ದು,
ಅದನ್ನ ಮಗ್ಚಿ ನೋಡು."

ಮಗುಚಿದೆ.
ಹಣೆಯ ಬೆವರು ತಾಗುವ ಪಟ್ಟಿಯಲ್ಲಿ
ಬಿಳಿ ಬಟ್ಟೆಯ ಮೇಲೆ ಬಿಳಿ ದಾರ.
ಕಣ್ಣಿಗೆ ಸಿಗದು, ಬೆರಳಿಗೆ ಸಿಗುತ್ತದೆ.
"ಯಂತ್ರ ಬಂದ ದಿನ ಎಂತಾದ್ರೂ ಹೊಲ್ದು ನೋಡ್ಬೇಕಿತ್ತು.
ನನ್ನ ಹೆಸ್ರು ಹೊಲಿದ್ರೆ ಅರಬಾಬ್ ಬೈತಾರೆ ಅಂತ
ಎದುರಿಗೆ ಕಂಡದ್ದನ್ನೇ ಹೊಲ್ದೆ."

ಸ್ವರವಿಲ್ಲ. ಬರೀ ವ್ಯಂಜನ, ನಡುನಡುವೆ ಅಂಕಿ,
ಆ ಅಂಕಿಗಳಲ್ಲೂ ಸೊನ್ನೆಯಿಲ್ಲ.
ಕಾಗುಣಿತ ಹತ್ತದ ಮಾತು.
ನಾನು ಬೆರಳಲ್ಲಿ ಓದಿದೆ, ಶಫೀಕುಲ್ ಒತ್ತಿದ.
ಕೊನೆಯ ಗುಂಪಿನಲ್ಲಿ ಸಿಕ್ಕಿಬಿದ್ದೆವು:
ಎಂಟೋ ಬೀಯೋ? ಆರೋ ಜೀಯೋ?
ಎಂಟು ಅಂದೆ, ಒಪ್ಪಲಿಲ್ಲ. ಬೀ ಅಂದೆ, ಒಪ್ಪಲಿಲ್ಲ.
ಟ್ಯೂಬ್‌ಲೈಟಿಗೆ ಹಿಡಿದರೆ ದಾರಕ್ಕೆ ದಾರವೇ ಅಡ್ಡ.

ಶಫೀಕುಲ್ ಟೋಪಿ ಕಸಿದು ತಲೆಗೆ ಬಿಗಿದ,
ನೂರೆಣಿಸಿ ತೆಗೆದ.
ಹಣೆಯಲ್ಲಿ ಅಚ್ಚು ಎದ್ದಿತ್ತು, ಕೆಂಪಗೆ, ತಿರುಗುಮುರುಗಾಗಿ.
ಹಣೆಬರಹ ಓದಿದವರುಂಟೇ ಅನ್ನುತ್ತಿದ್ದಳು ನನ್ನಜ್ಜಿ.
ಕಕ್ಕಸಿನ ಕನ್ನಡಿಯಲ್ಲಿ ನಾನು ಓದಿದೆ, ಅಜ್ಜಿ.
ಅದು ಜೀ.

ಒಪ್ಪಿತು. ಒಪ್ಪಿದ ಮೇಲೆ ಇನ್ನೊಂದು ತಕರಾರು:
ಮೂವತ್ತು ದಿನದೊಳಗೆ ಸಕ್ರಮ ಮಾಡಿಸಿಕೊಳ್ಳಿ.
"ಇದಕ್ಕೂ ಮೂವತ್ತೇ ದಿನವಾ?"
ಅವನು ನಕ್ಕ ರೀತಿಗೆ ತಡೆಯದೆ
ಆಗಲೇ ಆ ನಂಬರಿಗೆ ಫೋನ್ ಹಚ್ಚಿದೆ.
ಹೆಣ್ಣಿನ ದನಿ, ಹೆಣ್ಣಲ್ಲ.
ಆರಾರಂಕಿಯ ಒಂಬತ್ತು ಗುಂಪು ಒತ್ತಿಸಿಕೊಂಡು
ಎಷ್ಟು ಕಂಪ್ಯೂಟರಿಗೆ ಹಾಕಿದ್ದೀರಿ ಅಂದಳು.
ಒಂದೇ ತಾಯಿ, ಒಂದೇ.
ಅವಳು ತಿರುಗಿ ಕೊಟ್ಟ ಅಂಕಿಗಳನ್ನು
ನಾನು ಕನ್ನಡದಲ್ಲೇ ಕೂಗಿದೆ.
ಶಫೀಕುಲ್‌ಗೆ ಬರುತ್ತದೆ. ಒಂಬತ್ತು ವರ್ಷದಿಂದ
ಮೊಟ್ಟೆ, ರೊಟ್ಟಿ, ಸಾಲ
ಎಲ್ಲ ನನ್ನ ಜೊತೆಗೇ ಎಣಿಸಿದವನು.

ಯಂತ್ರ ಕೆಮ್ಮಿತು.
ಹನ್ನೆರಡು ಸೂಜಿ ಒಟ್ಟಿಗೆ ಇಳಿದವು.

ಪರದೆಯ ಮೂಲೆಯಲ್ಲಿ ತಾರೀಖು:
ಎರಡು ಸಾವಿರದ ಎರಡು, ಜನವರಿ ಒಂದು.
ಒಳಗಿನ ಬಿಲ್ಲೆ ಬ್ಯಾಟರಿ ಸತ್ತು ಯಾವ ಕಾಲವಾಯಿತೋ.
ಆ ತಾರೀಖಿನಲ್ಲಿ ನಾನು ಗಂಗೊಳ್ಳಿಯ ದಕ್ಕೆಯಲ್ಲಿ
ಹರಿದ ಬಲೆಗೆ ಗಂಟು ಹಾಕುತ್ತಿದ್ದೇನೆ,
ಚಿತ್ತಗಾಂಗಿನಲ್ಲಿ ಶಫೀಕುಲ್‌ಗೆ ಮೀಸೆ ಬಂದಿಲ್ಲ,
ಪೊರ್ಬುಗಳ ಮೊಣಕಾಲು ನೋಯುತ್ತಿಲ್ಲ.

"ಸರಿ ಮಾಡಲಾ?" ಕೇಳಿದ.
ಹಣೆಯ ಜೀ ಆಗಲೇ ಅರ್ಧ ಮಾಸಿತ್ತು.
ಇರು ಮಾರಾಯ.
ನೂರಿಪ್ಪತ್ತು ಮುಗಿಯಲಿ.